ಕಸದ ಗಾಡಿ ಮತ್ತು ಬೇಡಿಕೆ ಚೀಟಿ: ಕೊಡಗಿನ ಒಂದು ಪಂಚಾಯಿತಿಯ ಪ್ರಕರಣ

ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಆಸ್ತಿ ತೆರಿಗೆಯನ್ನು ಪರಿಷ್ಕರಿಸಿತು. ಅದೇ ವರ್ಷ ಕಸ ವಿಲೇವಾರಿಗೆಂದು ಪ್ರತಿ ಮನೆ, ಅಂಗಡಿ, ಹೋಂಸ್ಟೇ, ರೆಸಾರ್ಟಿನ ಮೇಲೆ ತಿಂಗಳ ಶುಲ್ಕವನ್ನೂ ಹಾಕಿತು. ಎರಡೂ ಒಂದೇ ಬೇಡಿಕೆ ಚೀಟಿಯಲ್ಲಿ ಅಚ್ಚಾಗಿ ಮನೆಗಳಿಗೆ ಬಂದವು. ಅಷ್ಟರಲ್ಲಾಗಲೇ ಕಸದ ಗಾಡಿ ಪಂಚಾಯಿತಿ ಕಚೇರಿಯ ಹಿಂಬದಿಯ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಮುಖ್ಯರಸ್ತೆಯ ಪಕ್ಕದ ಇಳಿಜಾರಿನಲ್ಲಿ ಪ್ರವಾಸಿಗರ ಪ್ಲಾಸ್ಟಿಕ್ ಬಾಟಲಿ ಮತ್ತು ಊಟದ ಪೊಟ್ಟಣಗಳು ರಾಶಿ ಬಿದ್ದಿದ್ದವು. ಜೂನ್ ಮಳೆ ಶುರುವಾದರೆ ಅದೆಲ್ಲವೂ ತೋಡಿಗೆ ಇಳಿದು, ತೋಡಿನಿಂದ ಕಾವೇರಿಗೆ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ತೆರಿಗೆದಾರರ ಪರವಾಗಿ ಆಕ್ಷೇಪಣೆ, ಮೇಲ್ಮನವಿ ಬರೆದುಕೊಡುವುದು ನನ್ನ ಕೆಲಸ. ಆ ಊರಿನ ಕೆಲವರು ಚೀಟಿ ಹಿಡಿದು ಬಂದು, ಗಾಡಿ ಬರುವ ತನಕ ತೆರಿಗೆಯನ್ನೂ ಶುಲ್ಕವನ್ನೂ ಕಟ್ಟುವುದಿಲ್ಲ ಎಂದು ಊರಿನವರೆಲ್ಲರ ಸಹಿಯೊಂದಿಗೆ ಒಂದು ಅರ್ಜಿ ಬೇಕು ಎಂದರು. ಪಂಚಾಯಿತಿಯವರ ಮಾತು ಇದಕ್ಕೆ ತದ್ವಿರುದ್ಧವಾಗಿತ್ತು: ಜನ ಕಟ್ಟುವ ತನಕ ಗಾಡಿ ಹೊರಡಿಸಲು ಸಾಧ್ಯವಿಲ್ಲ. ಎರಡು ಕಡೆಯವರೂ ನಿಜವನ್ನೇ ಹೇಳುತ್ತಿದ್ದರು. ಅದಕ್ಕಾಗಿಯೇ ಈ ಪ್ರಕರಣವನ್ನು ವಿವರವಾಗಿ ಬರೆಯಬೇಕು ಅನ್ನಿಸಿತು. ತೆರಿಗೆ ಮತ್ತು ಸರ್ಕಾರಿ ವೆಚ್ಚದ ಬಗ್ಗೆ ನಾವು ಆಡುವ ದೊಡ್ಡ ಮಾತುಗಳೆಲ್ಲ ಈ ಒಂದು ಚೀಟಿಯಲ್ಲಿ ಪರೀಕ್ಷೆಗೆ ಬಂದವು.

ಚೀಟಿಯೊಳಗೆ ಏನಿತ್ತು

ಮೊದಲು ಮಾಡಿದ್ದು ಚೀಟಿಯನ್ನು ಬಿಡಿಸಿ ಓದುವ ಕೆಲಸ. ಅದರಲ್ಲಿ ಮೂರು ಬಗೆಯ ಹಣ ಒಟ್ಟಿಗೆ ಸೇರಿತ್ತು. ಕಾನೂನಿನ ಕಣ್ಣಿನಲ್ಲಿ ಆ ಮೂರೂ ಬೇರೆ ಬೇರೆ.

ಒಂದನೆಯದು ಆಸ್ತಿ ತೆರಿಗೆ. ಸಂವಿಧಾನದ 265ನೇ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಪಂಚಾಯಿತಿಗೆ ಆ ಅಧಿಕಾರ 1993ರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣದಿಂದ ಬಂದಿದೆ. ಕೃಷಿ ಕಂದಾಯಕ್ಕೆ ಒಳಪಡದ ಕಟ್ಟಡ ಮತ್ತು ಜಾಗಗಳ ಮೇಲೆ ಅದು ತೆರಿಗೆ ಹಾಕಬಹುದು. ಇದಕ್ಕೆ ಪ್ರತಿಯಾಗಿ ನಿಮ್ಮ ಮನೆ ಬಾಗಿಲಿಗೆ ಇಂಥದ್ದೇ ಸೇವೆ ತಲುಪಬೇಕು ಎಂಬ ಷರತ್ತು ಇಲ್ಲ. ಬೀದಿದೀಪವಿಲ್ಲದವನೂ ಕಟ್ಟಬೇಕು.

ಎರಡನೆಯದು ಕರಗಳು (ಸೆಸ್), ಅಂದರೆ ನಿರ್ದಿಷ್ಟ ಉದ್ದೇಶಕ್ಕೆಂದು ತೆರಿಗೆಯ ಮೇಲೆ ಸೇರಿಸುವ ಹಣ. ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಶಿಕ್ಷಣಕ್ಕೆ ಶೇ 10, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪರಿಹಾರಕ್ಕೆ ಶೇ 3. ಒಟ್ಟು ಶೇ 34. ತೆರಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ ಚೀಟಿಯಲ್ಲಿ 1,340 ರೂಪಾಯಿ ಕಾಣುತ್ತದೆ. ಇವು ಇಂದು ನಿನ್ನೆಯವಲ್ಲ. ಆರೋಗ್ಯ ಕರದ ಕಾನೂನು 1962ರದು, ಗ್ರಂಥಾಲಯದ್ದು 1965ರದು, ಭಿಕ್ಷಾಟನೆ ನಿಷೇಧದ್ದು 1975ರದು. ಇಲ್ಲಿ ಪಂಚಾಯಿತಿ ಮುಖ್ಯವಾಗಿ ಬೇರೆಯವರಿಗಾಗಿ ವಸೂಲಿ ಮಾಡಿಕೊಡುವ ಸಂಸ್ಥೆ. ಆದರೆ ಸಿಟ್ಟನ್ನೆಲ್ಲ ಎದುರಿಸುವವನು ಕರವಸೂಲಿಗಾರ. ತೆರಿಗೆ ಪರಿಷ್ಕರಣೆಯಾದಾಗ ಕರವೂ ತಾನಾಗಿ ಏರುತ್ತದೆ. ಅದನ್ನು ಯಾರೂ ಚರ್ಚಿಸುವುದಿಲ್ಲ, ಯಾವ ಸಭೆಯೂ ಅನುಮೋದಿಸುವುದಿಲ್ಲ. ಆರೋಗ್ಯ ಕರ ಕಟ್ಟಿದ ಹಳ್ಳಿಗೆ ಅದರಿಂದ ಏನು ಬಂತು ಎಂದು ಹೇಳುವ ಕಾಗದ ಆ ಊರಿಗೆ ಎಂದೂ ಬಂದಿರಲಿಲ್ಲ. ಚೀಟಿಯ ಮೂರು ಭಾಗಗಳಲ್ಲಿ ತೆರಿಗೆದಾರರು ಅತಿ ಹೆಚ್ಚು ಪ್ರಶ್ನಿಸಬೇಕಾದದ್ದು ಇದನ್ನೇ ಎಂದು ನಾನು ನಂಬಿದ್ದೇನೆ. ಆದರೆ ಅದನ್ನು ಕೇಳಬೇಕಾದ ಬಾಗಿಲು ಬೆಂಗಳೂರಿನಲ್ಲಿದೆ.

ಮೂರನೆಯದು ಶುಲ್ಕ. ತೆರಿಗೆಗೂ ಶುಲ್ಕಕ್ಕೂ ಇರುವ ಗೆರೆಯನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಎಳೆದದ್ದು 1954ರಲ್ಲಿ, ನಮ್ಮ ಪಕ್ಕದ ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ. ತೆರಿಗೆ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯವಾಗಿ ಪಡೆಯುವ ಹಣ. ಶುಲ್ಕ ಒಂದು ನಿರ್ದಿಷ್ಟ ಸೇವೆಗೆ ಪ್ರತಿಯಾಗಿ ಪಡೆಯುವ ಹಣ. ಮುಂದಿನ ತೀರ್ಪುಗಳು ಇದನ್ನು ಒಂದಿಷ್ಟು ಸಡಿಲಿಸಿದವು: ಕೊಟ್ಟ ರೂಪಾಯಿಗೆ ಸರಿಯಾಗಿ ಅಷ್ಟೇ ಬೆಲೆಯ ಸೇವೆ ಸಿಗಬೇಕೆಂದಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು. ಆದರೆ ಸೇವೆಯೇ ಇಲ್ಲದ ಕಡೆ ಸ್ಥೂಲ ಸಂಬಂಧವೂ ಇರುವುದಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಗೆ ಶುಲ್ಕ ಕೇಳುವುದು ನ್ಯಾಯವಲ್ಲ.

ಹೀಗಾಗಿ ನಾನು ಬಂದವರಿಗೆ ಹೇಳಿದ್ದಿಷ್ಟು: ತೆರಿಗೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಶುಲ್ಕಕ್ಕೆ ಲಿಖಿತ ಆಕ್ಷೇಪಣೆ ಕೊಡಿ. ತೆರಿಗೆಯನ್ನೇ ನಿಲ್ಲಿಸುವ ಅರ್ಜಿಯನ್ನು ನಾನು ಬರೆಯುವುದಿಲ್ಲ. ಅವರಲ್ಲಿ ಹಿರಿಯರೊಬ್ಬರಿಗೆ ಬೇಸರವಾಯಿತು. “ನೀವು ನಮ್ಮ ಕಡೆಯವರೋ ಪಂಚಾಯಿತಿಯ ಕಡೆಯವರೋ?” ಎಂದು ನೇರವಾಗಿಯೇ ಕೇಳಿದರು. “ನಿಮ್ಮ ಕಡೆಯವನೇ ಅಣ್ಣ, ಆದರೆ ಮೊದಲು ಅವರ ಪುಸ್ತಕ ನೋಡೋಣ” ಎಂದೆ.

ಗಾಡಿ ಏಕೆ ನಿಂತಿತ್ತು

ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿಯ ಅರ್ಜಿ ಹಾಕಿದೆವು. ಕೇಳಿದ್ದು ಬೇಡಿಕೆ, ವಸೂಲಿ ಮತ್ತು ಬಾಕಿ ವಹಿ, ಕೇಂದ್ರದ ತೆರಿಗೆ ಹಣದ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗದ ಅನುದಾನದ ಕ್ರಿಯಾಯೋಜನೆ, ಗಾಡಿಯ ಖರೀದಿ ಕಡತ. 30 ದಿನಗಳ ಗಡುವಿನೊಳಗೆ ಉತ್ತರ ಬಂತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಅದನ್ನು ಇಲ್ಲಿ ದಾಖಲಿಸಲೇಬೇಕು.

ಕಾಗದಗಳು ಹೇಳಿದ ಕಥೆ ಸರಳ. ಗಾಡಿ ಮತ್ತು ಶೆಡ್ಡು ಮೇಲಿನಿಂದ ಬಂದ ಅನುದಾನದವು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40ನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಅಂದರೆ ಗಾಡಿಗೆ ಹಣವಿತ್ತು, ಗಾಡಿ ಓಡಿಸುವವಳ ಕೂಲಿಗೆ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಸ್ವಚ್ಛವಾಹಿನಿ ಎಂಬ ಈ ಕಸದ ಗಾಡಿಗಳನ್ನು ಓಡಿಸುವವರು ಹೆಚ್ಚಾಗಿ ಮಹಿಳೆಯರು. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘದವರು ಪಂಚಾಯಿತಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಸ ಸಂಗ್ರಹಿಸುತ್ತಾರೆ. ಈ ಊರಿನಲ್ಲೂ ಇಬ್ಬರು ತರಬೇತಿ ಪಡೆದು ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದರು. ಕೆಲವು ತಿಂಗಳು ದುಡಿದ ಮೇಲೆ ಕೂಲಿ ಬಾಕಿ ಉಳಿದು ಕೆಲಸ ಬಿಟ್ಟಿದ್ದರು.

ಆ ಕೂಲಿ ಪಂಚಾಯಿತಿಯ ಸ್ವಂತ ವರಮಾನದಿಂದ ಬರಬೇಕಿತ್ತು. ಸ್ವಂತ ವರಮಾನದ ವಹಿಯಲ್ಲಿ ಬಾಕಿಯ ಸಾಲು ವಸೂಲಿಯ ಸಾಲಿಗಿಂತ ಉದ್ದವಾಗಿತ್ತು. ಅರ್ಜಿ ಬರೆಯಿರಿ ಎಂದು ಬಂದಿದ್ದವರಲ್ಲಿ ಕೆಲವರ ಮನೆಯ ಹೆಸರೂ ಅಲ್ಲಿತ್ತು. ದೊಡ್ಡ ಬಾಕಿಗಳು ಮಾತ್ರ ಅವರವಲ್ಲ, ಬೆರಳೆಣಿಕೆಯ ವಾಣಿಜ್ಯ ಕಟ್ಟಡಗಳವು.

ದೆಹಲಿಯ ರೂಪಾಯಿ ಊರಿಗೆ ಬರುವಾಗ ಯಾವುದಕ್ಕೆ ಖರ್ಚಾಗಬೇಕು ಎಂದು ಬರೆಸಿಕೊಂಡೇ ಬರುತ್ತದೆ. ಬೆಂಗಳೂರಿನದೂ ಹಾಗೆಯೇ. ಊರಿನವರು ಕೂತು ಚರ್ಚಿಸಿ, ಇದಕ್ಕೆ ಖರ್ಚು ಮಾಡೋಣ ಎಂದು ಹೇಳಬಹುದಾದ ಹಣ ಊರಿನವರೇ ಕಟ್ಟಿದ ಹಣ ಮಾತ್ರ. ಅದರಲ್ಲೂ ಪರಿಶಿಷ್ಟರ ಅಭಿವೃದ್ಧಿಗೆ ಒಂದು ಪಾಲು, ಅಂಗವಿಕಲರಿಗೆ ಶೇ 5 ಮೀಸಲಿಡಬೇಕು, ಅದು ಸರಿಯಾದದ್ದೇ. ತೆರಿಗೆದಾರರ ಪರ ಎನ್ನುವ ನಾವು ಇಷ್ಟು ಕಾಲ ಸಿಟ್ಟನ್ನು ಎಲ್ಲ ತೆರಿಗೆಗಳ ಮೇಲೂ ಸಮವಾಗಿ ಹಂಚುತ್ತಾ ಬಂದಿದ್ದೇವೆ. ಕಣ್ಣೆದುರೇ ಖರ್ಚಾಗುವ, ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಾದ ತೆರಿಗೆಯನ್ನು ತಡೆಹಿಡಿದು, ಯಾರೂ ಉತ್ತರ ಹೇಳದ ಕರಗಳನ್ನು ಸುಮ್ಮನೆ ಕಟ್ಟುತ್ತೇವೆ.

ಯಾರು ತೆರಿಗೆದಾರರು

ಇಲ್ಲಿ ಕೊಡಗಿನ ಒಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾಗದು. ಈ ಪಂಚಾಯಿತಿಯ ಅತಿ ದೊಡ್ಡ ಸಂಪತ್ತು ಕಾಫಿ ತೋಟ. ಅದು ಕೃಷಿ ಭೂಮಿ, ಪಂಚಾಯಿತಿಯ ತೆರಿಗೆಗೆ ಹೊರಗೆ. ಭೂಕಂದಾಯ ರಾಜ್ಯಕ್ಕೆ ಸೇರಿದ್ದು, ಮೊತ್ತವೂ ಅತ್ಯಲ್ಪ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಹಿಡುವಳಿಗೆ, ಪೂರ್ಣ ಕಂದಾಯದ ಸಾಗು ಭೂಮಿಯ ಅರ್ಧ ದರದ ಕಂದಾಯ ಎಂಬ ಪದ್ಧತಿ ಇಲ್ಲಿ ತಲೆಮಾರುಗಳಿಂದ ಬಂದದ್ದು. ಆದಾಯ ತೆರಿಗೆಯ ಲೆಕ್ಕವೂ ಬೇರೆ. ಕೃಷಿ ಆದಾಯದ ಮೇಲೆ ಕೇಂದ್ರ ತೆರಿಗೆ ಹಾಕುವಂತಿಲ್ಲ. ಬೆಳೆದ ಕಾಫಿಯನ್ನು ತಾನೇ ಸಂಸ್ಕರಿಸಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. 1962ರ ಆದಾಯ ತೆರಿಗೆ ನಿಯಮಗಳ 7ಬಿ ನಿಯಮ ಹೇಳಿದ್ದು ಅದನ್ನೇ. ಒಣಗಿಸಿದ ಚೆರ್ರಿಯನ್ನೋ (ಇಡೀ ಕಾಫಿ ಹಣ್ಣು) ಪಾರ್ಚ್‌ಮೆಂಟನ್ನೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೆಯೇ ವ್ಯಾಪಾರಿಗೆ ಮಾರುವ ಸಣ್ಣ ಬೆಳೆಗಾರ ಅದರ ವ್ಯಾಪ್ತಿಗೂ ಬರುವುದಿಲ್ಲ.

ಇದರಿಂದ ಕೊಡಗಿನವರು ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬ ಮಾತು ಹೊರಗೆ ಹಬ್ಬಿದೆ. ಅದು ಪೂರ್ತಿ ತಪ್ಪು. ಈ ಜಿಲ್ಲೆಗೆ ರೈಲು ಇಲ್ಲ. ಅಕ್ಕಿ, ಗೊಬ್ಬರ, ಸಿಮೆಂಟ್, ಔಷಧ ಎಲ್ಲವೂ ಡೀಸೆಲ್ ಸುಟ್ಟು ಘಾಟಿ ಹತ್ತಬೇಕು. ರಾಜ್ಯದ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿತು. ಕೇಂದ್ರದ ಅಬಕಾರಿ ಸುಂಕ ಅದರ ಮೇಲೆ ಬೇರೆ. ಸಾಗಾಟದ ಪ್ರತಿ ಹೊರೆಯಲ್ಲಿ, ಬಸ್ ಟಿಕೆಟಿನಲ್ಲಿ ಈ ತೆರಿಗೆ ಅಡಗಿದೆ. ತೋಟದ ಮಾಲೀಕರು ಕಾರ್ಮಿಕರಿಗೆ ಕೊಟ್ಟ ಸಾಲುಮನೆಯಾದ ಲೈನ್‌ಮನೆಯಲ್ಲಿರುವ ಯರವ ಬುಡಕಟ್ಟಿನ ಕಾರ್ಮಿಕನ ಹೆಸರು ಪಂಚಾಯಿತಿಯ ಬೇಡಿಕೆ ವಹಿಯಲ್ಲಿ ಇಲ್ಲ, ಅವನ ಹೆಸರಿನಲ್ಲಿ ಮನೆಯೂ ಇಲ್ಲ. ಆದರೂ ಸಂತೆಗೆ ಹೋಗಿ ಸೋಪು, ಎಣ್ಣೆ ತಂದಾಗಲೆಲ್ಲ ಅವನು ತೆರಿಗೆ ಕಟ್ಟಿಯೇ ಮನೆಗೆ ಬರುತ್ತಾನೆ. ಗ್ರಾಮಸಭೆಯಲ್ಲಿ “ನಾವು ತೆರಿಗೆದಾರರು” ಎಂದು ಎದ್ದು ನಿಂತವರ ಸಾಲಿನಲ್ಲಿ ಅವನು ಕಾಣಿಸಲಿಲ್ಲ. ಅವನನ್ನು ಬಿಟ್ಟು ಮಾತನಾಡುವ ತೆರಿಗೆದಾರರ ಚಳವಳಿ ಅರ್ಧ ಸತ್ಯದ ಚಳವಳಿ ಎಂದೇ ನನ್ನ ಅಭಿಪ್ರಾಯ.

ವೆಚ್ಚದ ಕಡೆಯೂ ಇದೇ ತೊಡಕು. 2024-25ರಲ್ಲಿ ರಾಜ್ಯ ತನ್ನ ಗ್ಯಾರಂಟಿ ಯೋಜನೆಗಳಿಗೆ ಸುಮಾರು 52,000 ಕೋಟಿ ರೂಪಾಯಿ ತೆಗೆದಿರಿಸಿತು. ಅವೆಲ್ಲವೂ ದಂಡ ಎಂದು ನಾನು ಹೇಳುವುದಿಲ್ಲ. ಗೃಹಲಕ್ಷ್ಮಿಯ ಹಣದಿಂದ ಲೈನ್‌ಮನೆಯ ಹೆಂಗಸರ ಕೈಗೆ ಮೊದಲ ಬಾರಿಗೆ ಸ್ವಂತದ್ದು ಎನ್ನುವ ನಾಲ್ಕು ಕಾಸು ಬಂದದ್ದನ್ನು ನೋಡಿದ್ದೇನೆ. ಆದರೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಸಾರಿಗೆ ನಿಗಮಗಳ ಬಸ್ಸಿಗೆ ಮಾತ್ರ ಅನ್ವಯ. ಕೊಡಗಿನ ಒಳದಾರಿಗಳಲ್ಲಿ ಓಡುವುದು ಬಹುಮಟ್ಟಿಗೆ ಖಾಸಗಿ ಬಸ್ಸು. ಒಂದೇ ಡೀಸೆಲ್ ತೆರಿಗೆ ಕಟ್ಟಿದ ಇಬ್ಬರು ಹೆಂಗಸರಲ್ಲಿ ಮೈಸೂರಿನವಳು ಉಚಿತವಾಗಿ ಹೋಗುತ್ತಾಳೆ, ಇಲ್ಲಿನವಳು ಟಿಕೆಟ್ ಕೊಳ್ಳುತ್ತಾಳೆ. ಯೋಜನೆ ಬೇಕೋ ಬೇಡವೋ ಎಂಬ ಜಗಳದಲ್ಲಿ, ಅದು ಯಾರನ್ನು ತಲುಪಿತು ಎಂಬ ಪ್ರಶ್ನೆ ಕಳೆದುಹೋಗುತ್ತಿದೆ.

ಗ್ರಾಮಸಭೆ

ಆ ವರ್ಷದ ಜಮಾಬಂದಿ ಮತ್ತು ಗ್ರಾಮಸಭೆ ಮಳೆಯ ನಡುವೆಯೇ ನಡೆದವು. ಜಮಾಬಂದಿ ಎಂದರೆ ಪಂಚಾಯಿತಿಯ ಆಯವ್ಯಯವನ್ನು ಜನರೆದುರು ತೆರೆದಿಟ್ಟು ತಪಾಸಣೆ ಮಾಡುವ ವಾರ್ಷಿಕ ಕ್ರಮ. ಬಹಳ ಊರುಗಳಲ್ಲಿ ಅದು ಸಹಿ ಹಾಕಿ, ಚಹಾ ಕುಡಿದು ಮುಗಿಯುತ್ತದೆ. ಈ ಸಲ ಹಾಗಾಗಲಿಲ್ಲ. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದ ಹಿರಿಯರೊಬ್ಬರು ಬೇಡಿಕೆ, ವಸೂಲಿ, ಬಾಕಿಯ ಒಟ್ಟು ಮೊತ್ತಗಳನ್ನು ಗಟ್ಟಿಯಾಗಿ ಓದಿದರು. ಹೆಸರು ಓದಲಿಲ್ಲ, ಓದಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಸಾಲವೋ ಕಾಯಿಲೆಯೋ ಕಾರಣವಾಗಿ ಕಟ್ಟಲಾಗದವರನ್ನು ಸಭೆಯಲ್ಲಿ ಅವಮಾನಿಸುವುದು ವಸೂಲಿಯ ದಾರಿಯಲ್ಲ. ಮೊತ್ತ ಕೇಳಿಯೇ ಸಭೆ ಸ್ತಬ್ಧವಾಯಿತು.

ಬಳಿಕ ವಾಗ್ವಾದ ಬಿಸಿಯಾಯಿತು. ಎರಡು ಕೋಣೆಯ ಮನೆಗೂ ಇಡೀ ಗುಡ್ಡ ಹಿಡಿದ ರೆಸಾರ್ಟಿಗೂ ಒಂದೇ ಶುಲ್ಕ ಹಾಕಿದ್ದು ಏಕೆ ಎಂಬ ಪ್ರಶ್ನೆಗೆ ಪಂಚಾಯಿತಿಯ ಬಳಿ ಉತ್ತರವಿರಲಿಲ್ಲ. ಹಸಿ ಕಸವನ್ನು ತೋಟದ ಗೊಬ್ಬರದ ಗುಂಡಿಗೇ ಹಾಕುವ ಮನೆಯವರು, ತಿಂಗಳಿಗೆ ಒಂದು ಚೀಲ ಪ್ಲಾಸ್ಟಿಕ್ ಬಿಟ್ಟರೆ ತಮ್ಮಲ್ಲಿ ಕಸವೇ ಇಲ್ಲ ಎಂದರು. ಅದು ನಿಜ. ಆಗ ಅಧ್ಯಕ್ಷೆ ಎದ್ದು, “ಸಂಘದ ಹೆಂಗಸರು ದುಡಿದ ಕೂಲಿ ಇನ್ನೂ ಕೊಟ್ಟಿಲ್ಲ. ಅದನ್ನು ನಾನು ಯಾವ ಖಾತೆಯಿಂದ ಕೊಡಲಿ, ನೀವೇ ಹೇಳಿ” ಎಂದು ಕೇಳಿದರು. ಅದಕ್ಕೆ ಸಭೆಯಲ್ಲಿ ಯಾರೂ ಕೂಡಲೇ ಉತ್ತರಿಸಲಿಲ್ಲ. ಆ ಪ್ರಶ್ನೆಯ ಮುಂದೆ ನಮ್ಮ ಕಾನೂನಿನ ವಾದವೆಲ್ಲ ಸಣ್ಣದಾಗಿ ಕಂಡಿತು ಎಂದು ನನಗನ್ನಿಸಿತು.

ಕೊನೆಗೆ ನಿರ್ಣಯ ರೂಪುಗೊಂಡಿತು. ಹಳೆಯ ಕೂಲಿ ಬಾಕಿಯನ್ನು ಆ ವರ್ಷದ ತೆರಿಗೆ ವಸೂಲಿಯಿಂದ ಎಲ್ಲಕ್ಕಿಂತ ಮೊದಲು ತೀರಿಸಬೇಕು. ಗಾಡಿ ಹೋಗುವ ದಾರಿಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಬೇಕು, ಆ ದಾರಿಯ ಮನೆಗಳಿಗೆ ಮಾತ್ರ ಶುಲ್ಕ, ಗಾಡಿ ಬಾರದ ತಿಂಗಳಿಗೆ ಶುಲ್ಕವಿಲ್ಲ. ವಸತಿ ಉದ್ಯಮಗಳಿಗೆ ಕೊಠಡಿಗಳ ಲೆಕ್ಕದಲ್ಲಿ ಬೇರೆ ದರ. ಲೈನ್‌ಮನೆಗಳ ಕಸದ ಶುಲ್ಕ ತೋಟದ ಮಾಲೀಕರದು, ಕಾರ್ಮಿಕರ ಕೂಲಿಯಿಂದ ಹಿಡಿಯುವಂತಿಲ್ಲ. ಶುಲ್ಕದ ಹಣಕ್ಕೆ ಪ್ರತ್ಯೇಕ ವಹಿ, ಅದರ ಜಮಾ ಖರ್ಚು ಪ್ರತಿ ತಿಂಗಳು ಫಲಕಕ್ಕೆ ಬರಬೇಕು. ಬೇಡಿಕೆ ಚೀಟಿಯಲ್ಲಿ ತೆರಿಗೆ, ಕರ, ಶುಲ್ಕಗಳನ್ನು ಬೇರೆ ಬೇರೆ ಸಾಲಿನಲ್ಲಿ, ಪ್ರತಿ ಕರದ ಹೆಸರಿನೊಂದಿಗೆ ಮುದ್ರಿಸಬೇಕು. ಈ ಕೊನೆಯ ಅಂಶಕ್ಕಾಗಿ ನಾನು ಹಟ ಹಿಡಿದಿದ್ದೆ. ಯಾವುದಕ್ಕೆ ಕಟ್ಟುತ್ತಿದ್ದೇನೆ ಎಂದು ತಿಳಿಯದವನು ಯಾವುದಕ್ಕೂ ಲೆಕ್ಕ ಕೇಳಲಾರ.

ತೋಟದ ಮಾಲೀಕರಲ್ಲಿ ಕೆಲವರು ಲೈನ್‌ಮನೆಯ ಅಂಶವನ್ನು ವಿರೋಧಿಸಿದರು. ಕಾಫಿ ಬೆಲೆ ಇಂದು ಮೇಲಿದ್ದರೆ ನಾಳೆ ಕೆಳಗೆ, ಹೊರೆಯನ್ನೆಲ್ಲ ನಮ್ಮ ಮೇಲೆ ಹೇರಬೇಡಿ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಮನೆ ಅವರದು, ಬಾಡಿಗೆಯಿಲ್ಲದೆ ಇರುವ ಕಾರ್ಮಿಕನ ದುಡಿಮೆಯೂ ಅವರ ತೋಟಕ್ಕೆ. ಮತಕ್ಕೆ ಹಾಕಿದಾಗ ಅಂಶ ಉಳಿಯಿತು.

ನಿರ್ಣಯದ ನಂತರ

ಗಾಡಿ ಹೊರಟಿತು. ಇಬ್ಬರಲ್ಲಿ ಒಬ್ಬ ಚಾಲಕಿ ಹಿಂತಿರುಗಿದರು, ಇನ್ನೊಬ್ಬರು ಅಷ್ಟರಲ್ಲಿ ಕುಶಾಲನಗರದಲ್ಲಿ ಬೇರೆ ಕೆಲಸ ಹಿಡಿದಿದ್ದರು. ವಾರಕ್ಕೆ ಎರಡು ದಾರಿ ಎಂದು ಶುರುವಾದದ್ದು ಈಗ ಪೇಟೆಯ ಬಳಿಯ ಮನೆಗಳಿಗೆ ಸರಿಯಾಗಿ ತಲುಪುತ್ತಿದೆ. ತೆರಿಗೆ ವಸೂಲಿ ಹಿಂದಿನ ವರ್ಷಕ್ಕಿಂತ ಎದ್ದು ಕಾಣುವಷ್ಟು ಏರಿತು. ಚೀಟಿಯ ದರ ಕಡಿಮೆಯಾಗಿರಲಿಲ್ಲ. ಜನ ಕಟ್ಟಿದ್ದು ಫಲಕದಲ್ಲಿ ಲೆಕ್ಕ ಕಂಡದ್ದಕ್ಕೆ.

ಒಳಗಿನ ಮನೆಗಳ ಸಮಸ್ಯೆ ಹಾಗೆಯೇ ಇದೆ. ಕೊಡಗಿನಲ್ಲಿ ಬಯಲುಸೀಮೆಯಂತೆ ಮನೆಗೆ ಮನೆ ಅಂಟಿಕೊಂಡ ಊರಿಲ್ಲ. ಪ್ರತಿ ಮನೆ ತನ್ನ ಗದ್ದೆ, ತೋಟದ ನಡುವೆ, ಒಂದರಿಂದ ಇನ್ನೊಂದಕ್ಕೆ ಏರು, ಇಳಿ, ಕೆಸರು. 2011ರ ಜನಗಣತಿಯಂತೆ ಇಲ್ಲಿ ಚದರ ಕಿಲೋಮೀಟರಿಗೆ 135 ಜನ, ರಾಜ್ಯದ ಸರಾಸರಿ 319. ಕಸ ಎತ್ತಲು, ನೀರಿನ ಕೊಳವೆ ಎಳೆಯಲು, ರಸ್ತೆ ಮಾಡಲು ಮನೆಯೊಂದಕ್ಕೆ ಆಗುವ ಖರ್ಚು ಇಲ್ಲಿ ಹೆಚ್ಚು. ಆದರೆ ಗ್ರಾಮೀಣ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಹಣಕಾಸು ಆಯೋಗ ಜನಸಂಖ್ಯೆಗೆ ಕೊಟ್ಟ ತೂಕ ಶೇ 90, ವಿಸ್ತೀರ್ಣಕ್ಕೆ ಶೇ 10. ಅದೇ ಮನೋಭಾವ ಕೆಳಗಿನ ಹಂಚಿಕೆಗೂ ಇಳಿದರೆ ಚದುರಿದ ಮನೆಗಳ ಜಿಲ್ಲೆ ಸೋಲುತ್ತದೆ. 2001ರಿಂದ 2011ರ ನಡುವೆ ಕೊಡಗಿನ ಜನಸಂಖ್ಯೆ ಬೆಳೆದದ್ದು ಸುಮಾರು ಶೇ 1 ಮಾತ್ರ. ಕೇಂದ್ರ ತೆರಿಗೆಯಲ್ಲಿ ತನ್ನ ಪಾಲು 14ನೇ ಆಯೋಗದ ಶೇ 4.713ರಿಂದ 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತೆಂದು ಕರ್ನಾಟಕ ದೆಹಲಿಯ ಮುಂದೆ ಮಂಡಿಸಿದ ದೂರು ನ್ಯಾಯವಾದದ್ದು. ಅದೇ ದೂರನ್ನು ಕೊಡಗು ಬೆಂಗಳೂರಿನ ಮುಂದೆ ಮಂಡಿಸುವುದೂ ಅಷ್ಟೇ ನ್ಯಾಯ. 1956ರ ನವೆಂಬರ್ 1ರ ತನಕ ಈ ಜಿಲ್ಲೆಗೆ ಮಡಿಕೇರಿಯಲ್ಲಿ ತನ್ನದೇ ವಿಧಾನಸಭೆ, ತನ್ನದೇ ಬಜೆಟ್ ಇತ್ತು. ಹಳೆಯದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲಿನ ಖರ್ಚಿನ ಸ್ವರೂಪವನ್ನು ಇಲ್ಲಿಯೇ ಕೂತು ಲೆಕ್ಕ ಹಾಕಿದ ಕಾಲವೊಂದಿತ್ತು ಎಂದಷ್ಟೇ ನೆನಪಿಸುತ್ತಿದ್ದೇನೆ. ಇನ್ನು ಜಿಲ್ಲಾ ಪಂಚಾಯಿತಿಯ ಮೂಲಕ ಕೇಳೋಣವೆಂದರೆ, 2021ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ತೆರಿಗೆ ಕಟ್ಟುವವನ ಪರವಾಗಿ ಕೇಳಬೇಕಾದ ಕುರ್ಚಿಗಳು ಖಾಲಿ ಇದ್ದವು.

ಆದ್ದರಿಂದ ಗ್ರಾಮಸಭೆಯ ನಿರ್ಣಯದ ಪ್ರತಿಯನ್ನು ಇಟ್ಟು, 2023ರಲ್ಲಿ ರಚನೆಯಾದ ಐದನೇ ರಾಜ್ಯ ಹಣಕಾಸು ಆಯೋಗಕ್ಕೆ ಮನವಿ ಬರೆದೆವು. ಕೇಳಿದ್ದು ಎರಡು: ಗುಡ್ಡಗಾಡು ಪಂಚಾಯಿತಿಗಳ ಅನುದಾನದಲ್ಲಿ ಮನೆಗಳ ನಡುವಿನ ದೂರಕ್ಕೂ ತೂಕ ಕೊಡಬೇಕು, ಮತ್ತು ಊರಿನಲ್ಲಿ ವಸೂಲಾದ ಆರೋಗ್ಯ, ಶಿಕ್ಷಣ ಕರಗಳ ವಿನಿಯೋಗದ ವರದಿಯನ್ನು ವರ್ಷಕ್ಕೊಮ್ಮೆ ಆಯಾ ಪಂಚಾಯಿತಿಗೆ ಕಳುಹಿಸಬೇಕು.

ವಸತಿ ಉದ್ಯಮಗಳ ಪೈಕಿ ಹೋಂಸ್ಟೇಗಳು ಹೆಚ್ಚುಕಡಿಮೆ ಎಲ್ಲವೂ ಹೊಸ ದರದಂತೆ ಕಟ್ಟುತ್ತಿವೆ. ವಹಿಯಲ್ಲಿ ಅತಿ ದೊಡ್ಡ ಬಾಕಿ ಇದ್ದ ಕಟ್ಟಡದ ಮಾಲೀಕರು ಕೊಠಡಿ ಲೆಕ್ಕದ ಶುಲ್ಕಕ್ಕೆ ತಕರಾರು ಸಲ್ಲಿಸಿದ್ದಾರೆ. ತಮ್ಮ ಕಸವನ್ನು ತಾವೇ ಮೈಸೂರಿಗೆ ಸಾಗಿಸುತ್ತೇವೆ ಎಂಬುದು ಅವರ ಹೇಳಿಕೆ. ಸಾಗಿಸಿದ ರಸೀದಿಗಳನ್ನು ಹಾಜರುಪಡಿಸಿ ಎಂದು ಪಂಚಾಯಿತಿ ಪತ್ರ ಬರೆದಿದೆ. ರಸೀದಿ ತೋರಿಸಿದರೆ ಶುಲ್ಕದಿಂದ ವಿನಾಯಿತಿ ಪಡೆಯುವ ಹಕ್ಕು ಅವರಿಗಿದೆ, ಅದನ್ನು ನಾನೇ ಅವರ ಪರವಾಗಿ ವಾದಿಸುತ್ತೇನೆ ಎಂದು ಅವರಿಗೂ ತಿಳಿಸಿದ್ದೇನೆ. ಆಸ್ತಿ ತೆರಿಗೆಯ ಹಳೆಯ ಬಾಕಿ ಮಾತ್ರ ಬೇರೆ ವಿಷಯ, ಅದನ್ನು ಅವರು ಕಟ್ಟಲೇಬೇಕು.